ಚಿತ್ರ ಬಿಡಿಸಿ, ಪದ ಕಲಿಸಿ: ಎರಡು ಭಾಷೆಯ ತರಗತಿಗೊಂದು ಆಟ

ಬೆಳಗಾವಿ ನಗರದ ಕನ್ನಡ ಶಾಲೆಗಳಲ್ಲಿ ಮನೆಯಲ್ಲಿ ಮರಾಠಿ, ಉರ್ದು ಮಾತಾಡುವ ಮಕ್ಕಳೂ ಇರುತ್ತಾರೆ. ಖಾನಾಪುರ ತಾಲ್ಲೂಕಿನ ಮರಾಠಿ ಶಾಲೆಗಳ ಮಕ್ಕಳು ಕನ್ನಡವನ್ನು ಒಂದು ಭಾಷೆಯಾಗಿ ಕಲಿಯುತ್ತಾರೆ. ಇವರಿಗೆ ಆಡುಮಾತು ಬೇಗ ಬರುತ್ತದೆ. ವಿಜ್ಞಾನ, ಸಮಾಜ, ಗಣಿತದ ಪದಗಳು ಮಾತ್ರ ಸುಲಭವಾಗಿ ನಾಲಿಗೆಗೆ ಹತ್ತುವುದಿಲ್ಲ. ವಿಷಯ ಗೊತ್ತಿದ್ದೂ ಪದ ಸಿಗದೆ ಮಗು ಸುಮ್ಮನಾಗುತ್ತದೆ. ಈ ತೊಡಕಿಗೆ ಚಿತ್ರದ ಆಟ ಒಳ್ಳೆಯ ದಾರಿ. ಕರಿಹಲಗೆ, ಸೀಮೆಸುಣ್ಣ ಮತ್ತು ಒಂದು ಪೀರಿಯಡ್ ಇದ್ದರೆ ಸಾಕು.

1. ಪದ ಆರಿಸಿ. ಒಂದು ಪಾಠಕ್ಕೆ ಎಂಟು ಪದ ಮೀರದಿರಲಿ. ಅವನ್ನು ಮೂರು ಗುಂಪು ಮಾಡಿ. ಉಗಮ, ಉಪನದಿ, ಜಲವಿಭಾಜಕ ಎರಡೂ ಭಾಷೆಯಲ್ಲಿ ಒಂದೇ. ಜಲಪಾತಕ್ಕೆ ಮರಾಠಿಯಲ್ಲಿ ಧಬಧಬಾ, ಕಾಂಡಕ್ಕೆ ಖೋಡ, ವೃತ್ತಕ್ಕೆ ವರ್ತುಳ. ‘ಅವಕಾಶ’ದಂಥ ಪದ ಮೋಸ ಮಾಡುತ್ತದೆ: ಮರಾಠಿ ವಿಜ್ಞಾನದಲ್ಲಿ ಅದು ಬಾಹ್ಯಾಕಾಶ. ಎರಡನೆಯ ಮತ್ತು ಮೂರನೆಯ ಗುಂಪಿಗೆ ಹೆಚ್ಚು ಸಮಯ ಕೊಡಿ.

2. ಜೋಡಿ ಪದ ಖಚಿತಪಡಿಸಿಕೊಳ್ಳಿ. ನಿಮಗೆ ಮರಾಠಿ ಬರದಿದ್ದರೂ ಚಿಂತೆಯಿಲ್ಲ. ಕರ್ನಾಟಕದ ಪಠ್ಯಪುಸ್ತಕಗಳು ಮರಾಠಿ, ಉರ್ದು ಮಾಧ್ಯಮದಲ್ಲೂ ಅಚ್ಚಾಗುತ್ತವೆ. ಹತ್ತಿರದ ಮರಾಠಿ ಶಾಲೆಯಿಂದ ಅದೇ ತರಗತಿಯ ಪುಸ್ತಕ ತಂದು, ಅದೇ ಪಾಠ ತೆರೆದರೆ ಪದ ಸಿಗುತ್ತದೆ.

3. ಚೀಟಿ ಮಾಡಿ. ಹಳೆಯ ಲಗ್ನಪತ್ರಿಕೆಗಳ ಖಾಲಿ ಬದಿಯನ್ನು ಕತ್ತರಿಸಿ, ಚೀಟಿಗೊಂದು ಪದವನ್ನು ಎರಡೂ ಭಾಷೆಯಲ್ಲಿ ಬರೆಯಿರಿ.

4. ಗುಂಪು ಬೆರೆಸಿ. ನಾಲ್ವರ ಗುಂಪಿನಲ್ಲಿ ಬೇರೆ ಬೇರೆ ಮನೆಮಾತಿನವರು ಇರಲಿ. ಆಗ ಒಬ್ಬರ ಪದ ಇನ್ನೊಬ್ಬರಿಗೆ ಬೇಕಾಗುತ್ತದೆ.

5. ಆಡಿಸಿ. ಒಬ್ಬರು ಚೀಟಿ ನೋಡಿ ಒಂದು ನಿಮಿಷದಲ್ಲಿ ಚಿತ್ರ ಬಿಡಿಸಬೇಕು. ಅಕ್ಷರ, ಅಂಕಿ, ಸನ್ನೆ ಬೇಡ. ಒಂದು ಭಾಷೆಯಲ್ಲಿ ಪದ ಹೇಳಿದರೆ 1 ಅಂಕ, ಎರಡರಲ್ಲೂ ಹೇಳಿದರೆ 2, ಅರ್ಥ ವಿವರಿಸಿದರೆ ಇನ್ನೊಂದು.

ಜಲವಿಭಾಜಕಕ್ಕೆ ಖಾನಾಪುರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಅದೇ ತಾಲ್ಲೂಕಿನ ದೇಗಾಂವ ಬಳಿ ಹುಟ್ಟುವ ಮಹದಾಯಿ ಪಶ್ಚಿಮಕ್ಕೆ, ಗೋವಾದ ಕಡೆ ಇಳಿಯುತ್ತಾಳೆ. ನಡುವೆ ಒಂದು ಬೆಟ್ಟಸಾಲು, ಎರಡು ಕಡೆಗೆ ಎರಡು ಬಾಣ: ಮಗು ಇಷ್ಟು ಬಿಡಿಸಿದರೆ ಪದದ ಅರ್ಥ ಹಿಡಿದಿದೆ ಎಂದೇ ಲೆಕ್ಕ.

6. ತಪ್ಪು ಚಿತ್ರ ಅಳಿಸಬೇಡಿ. ಬಾಷ್ಪೀಭವನಕ್ಕೆ ಮಗು ಮಳೆ ಬಿಡಿಸಿತೆನ್ನಿ. ‘ನೀರು ಮೇಲೆ ಹೋಗುತ್ತಿದೆಯೋ, ಕೆಳಗೆ ಬರುತ್ತಿದೆಯೋ?’ ಎಂದು ಕೇಳಿ. ಬಾಯಿಪಾಠದ ಉತ್ತರದಲ್ಲಿ ಅಡಗಿ ಕೂರುವ ಗೊಂದಲ ಚಿತ್ರದಲ್ಲಿ ಎದ್ದು ಕಾಣುತ್ತದೆ.

7. ಬರೆಸಿ. ಪ್ರತಿ ಪದಕ್ಕೂ ನೋಟ್‌ಬುಕ್ಕಿನಲ್ಲಿ ಚಿತ್ರ, ಎರಡೂ ಭಾಷೆಯ ಪದ, ಕನ್ನಡದಲ್ಲಿ ಒಂದು ಸ್ವಂತ ವಾಕ್ಯ ಇರಲಿ. ಈ ಹಂತ ಬಿಟ್ಟರೆ ಆಟ ಬರೀ ಗದ್ದಲವಾಗಿ ಉಳಿಯುತ್ತದೆ.

8. ವಾರದ ನಂತರ ಪರೀಕ್ಷಿಸಿ. ಚಿತ್ರವನ್ನಷ್ಟೇ ತೋರಿಸಿ ಪದ, ಅರ್ಥ ಕೇಳಿ. ಹೆಚ್ಚು ಮಕ್ಕಳು ತಡವರಿಸಿದ ಪದಗಳನ್ನು ಮುಂದಿನ ಆಟದ ಚೀಟಿಗಳಿಗೆ ಸೇರಿಸಿ.

‘ನನಗೆ ಚಿತ್ರ ಬರೋದಿಲ್ರೀ ಸರ್’ ಎನ್ನುವ ಮಗುವಿಗೆ ಧೈರ್ಯ ಹೇಳಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೆದ ಪದಕ್ಕಿಂತ ಚಿತ್ರವಾಗಿ ಬಿಡಿಸಿದ ಪದವೇ ಹೆಚ್ಚು ನೆನಪಿನಲ್ಲಿ ಉಳಿದದ್ದು ಕಂಡುಬಂತು. ಚಿತ್ರ ಚೆಂದವಿರಬೇಕೆಂದೇನೂ ಇರಲಿಲ್ಲ. ಆದ್ದರಿಂದ ಅಂದಕ್ಕೆ ಅಂಕ ಕೊಡಬೇಡಿ, ಅರ್ಥಕ್ಕೆ ಕೊಡಿ.

ಕನ್ನಡ ಚೆನ್ನಾಗಿ ಕಲಿಯಲು ಯಾವ ಮಗುವೂ ತನ್ನ ಮನೆಮಾತನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಕಿಲ್ಲ. ಎರಡು ಭಾಷೆಯಲ್ಲಿ ಪಾಠ ಅರ್ಥವಾದ ಮಗುವಿಗೆ ಗಡಿ ಜಿಲ್ಲೆಯಲ್ಲಿ ಓದಿದ್ದು ಕೊರತೆಯಲ್ಲ, ಬಲ. ನಾಳೆಯ ಪಾಠದಿಂದ ಎಂಟು ಪದ ಆರಿಸಿ, ಶುರು ಮಾಡಿ.