ಗರ್ಭಕೊರಳಿನ ಕ್ಯಾನ್ಸರ್: ರೋಗದ ಬೆಳವಣಿಗೆಯಲ್ಲಿ ಕಿಣ್ವಗಳ ಪಾತ್ರ

ಭಾರತದ ಮಹಿಳೆಯರಲ್ಲಿ ಸ್ತನ ಕ್ಯಾನ್ಸರಿನ ನಂತರ ಅತಿ ಹೆಚ್ಚಾಗಿ ಕಂಡುಬರುವುದು ಗರ್ಭಕೊರಳಿನ ಕ್ಯಾನ್ಸರ್. 2022ರ ಅಂದಾಜಿನಂತೆ ಆ ಒಂದೇ ವರ್ಷದಲ್ಲಿ ದೇಶದ ಸುಮಾರು 80 ಸಾವಿರ ಮಹಿಳೆಯರು ಇದರಿಂದ ಮೃತಪಟ್ಟರು. ಆದರೂ ಇದು ಬಹುಮಟ್ಟಿಗೆ ತಡೆಗಟ್ಟಬಹುದಾದ ರೋಗ. ಅದು ಹೇಗೆಂದು ತಿಳಿಯಲು ಜೀವಕೋಶದೊಳಗಿನ ಕ್ರಿಯೆಯನ್ನು ಅರಿಯಬೇಕು.

ಕಿಣ್ವಗಳ ಕಾರ್ಯ

ಆಹಾರದಿಂದ ದೊರೆತ ಗ್ಲೂಕೋಸನ್ನು ಹಂತಹಂತವಾಗಿ ಶಕ್ತಿಯಾಗಿ ಮಾರ್ಪಡಿಸುವ ಪ್ರೋಟೀನುಗಳೇ ಚಯಾಪಚಯ ಕಿಣ್ವಗಳು. ಆರೋಗ್ಯವಂತ ಕೋಶವು ಆಮ್ಲಜನಕದ ನೆರವಿನಿಂದ ಗ್ಲೂಕೋಸನ್ನು ಪೂರ್ಣವಾಗಿ ಬಳಸುತ್ತದೆ. ಕ್ಯಾನ್ಸರ್ ಕೋಶವಾದರೋ ಆಮ್ಲಜನಕವಿದ್ದರೂ ಅದನ್ನು ಅರೆಬರೆ ಒಡೆದು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಇದನ್ನು 1920ರ ದಶಕದಲ್ಲಿ ಗುರುತಿಸಿದವರು ಜರ್ಮನಿಯ ವಿಜ್ಞಾನಿ ಆಟೋ ವಾರ್‌ಬರ್ಗ್. ಸೌದೆಯನ್ನು ಪೂರ್ತಿ ಉರಿಸದೆ, ಅದನ್ನೇ ತೊಲೆಯಾಗಿಸಿ ಮನೆ ಕಟ್ಟಿದಂತೆ, ಈ ಕೋಶಗಳು ಅರೆ ಒಡೆದ ಗ್ಲೂಕೋಸಿನ ಅಂಶಗಳಿಂದ ಹೊಸ ಕೋಶಗಳನ್ನು ಕಟ್ಟುತ್ತವೆ.

ಈ ರೋಗಕ್ಕೆ ಮುಖ್ಯ ಕಾರಣ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಸುಮಾರು 70 ಪ್ರತಿಶತ ಪ್ರಕರಣಗಳಿಗೆ ಅದರ 16 ಮತ್ತು 18ನೇ ವಿಧಗಳೇ ಕಾರಣ. 16ನೇ ವಿಧದ ವೈರಸ್ಸಿನ ‘ಇ7’ ಪ್ರೋಟೀನು ಪೈರುವೇಟ್ ಕೈನೇಸ್ ಎಂ2 ಕಿಣ್ವಕ್ಕೆ ಅಂಟಿಕೊಂಡು ಅದರ ವೇಗವನ್ನು ಕುಂದಿಸುತ್ತದೆ. ಹೆಕ್ಸೋಕೈನೇಸ್-2 ಕಿಣ್ವವು ಗ್ಲೂಕೋಸನ್ನು ಕೋಶದೊಳಗೆ ಹಿಡಿದಿಡುತ್ತದೆ. ಲ್ಯಾಕ್ಟೇಟ್ ಡಿಹೈಡ್ರೋಜನೇಸ್ ಲ್ಯಾಕ್ಟಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಈ ಆಮ್ಲವು ರೋಗನಿರೋಧಕ ಕೋಶಗಳನ್ನು ದುರ್ಬಲಗೊಳಿಸಿ, ಗಡ್ಡೆಯು ಸುತ್ತಲಿನ ಅಂಗಾಂಶಕ್ಕೆ ಹರಡಲು ಅನುಕೂಲ ಮಾಡಿಕೊಡುತ್ತದೆ.

ತಪಾಸಣೆಯೊಂದಿಗಿನ ಸಂಬಂಧ

ಗರ್ಭಕೊರಳಿನ ಆರೋಗ್ಯವಂತ ಕೋಶಗಳಲ್ಲಿ ಗ್ಲೂಕೋಸು ಗ್ಲೈಕೋಜನ್ ರೂಪದಲ್ಲಿ ಸಂಗ್ರಹವಾಗಿರುತ್ತದೆ. ಅಯೋಡಿನ್ ದ್ರಾವಣ ಲೇಪಿಸಿದಾಗ ಅವು ಕಂದು ಬಣ್ಣಕ್ಕೆ ತಿರುಗುತ್ತವೆ. ವಿಕೃತ ಕೋಶಗಳಲ್ಲಿ ಈ ಸಂಗ್ರಹ ಅತ್ಯಲ್ಪವಾದ್ದರಿಂದ ಆ ಭಾಗ ಹಳದಿಯಾಗಿ ಉಳಿಯುತ್ತದೆ. ಅಸಿಟಿಕ್ ಆಮ್ಲ ಲೇಪಿಸುವ ಪರೀಕ್ಷೆಯಲ್ಲಿ ವಿಕೃತ ಭಾಗ ಬೆಳ್ಳಗಾಗುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆಯಿಂದಲೇ ಅದು ಖಚಿತವಾಗಬೇಕು. ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಹಿಡಿಯುತ್ತದೆ. ಈ ದೀರ್ಘ ಅವಧಿಯೇ ತಡೆಗಟ್ಟುವಿಕೆಗೆ ಇರುವ ಅವಕಾಶ.

ಸದಸ್ಯರು ಗಮನಿಸಬೇಕಾದ ಅಂಶಗಳು

1. 30ರಿಂದ 65 ವರ್ಷದ ಮಹಿಳೆಯರು, ಯಾವ ಲಕ್ಷಣವಿಲ್ಲದಿದ್ದರೂ, 5 ವರ್ಷಕ್ಕೊಮ್ಮೆ ತಪಾಸಣೆಗೆ ಒಳಗಾಗುವಂತೆ ಮಹಿಳಾ ಗ್ರಾಮಸಭೆಯಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ತಿಳಿವಳಿಕೆ ನೀಡುವುದು.

2. ವಿಶ್ವ ಆರೋಗ್ಯ ಸಂಸ್ಥೆಯು 9ರಿಂದ 14 ವರ್ಷದ ಬಾಲಕಿಯರಿಗೆ ಶಿಫಾರಸು ಮಾಡಿರುವ ಲಸಿಕೆಯ ಬಗ್ಗೆ ಪೋಷಕರ ಸಂದೇಹಗಳನ್ನು ವೈದ್ಯಾಧಿಕಾರಿಗಳಿಂದ ಪರಿಹರಿಸುವುದು.

3. ‘ಸಕ್ಕರೆ ಬಿಟ್ಟರೆ ಕ್ಯಾನ್ಸರ್ ವಾಸಿಯಾಗುತ್ತದೆ’ ಎಂಬುದು ತಪ್ಪು ತಿಳಿವಳಿಕೆ. ರೋಗಿಯ ಊಟ ಕಡಿತಗೊಳಿಸಿದರೆ ಆಕೆಯೇ ನಿತ್ರಾಣಳಾಗುವಳು.

4. ತಪಾಸಣೆಯಲ್ಲಿ ದೋಷ ಕಂಡುಬಂದ ಮಹಿಳೆಯು ಮುಂದಿನ ಪರೀಕ್ಷೆಗೆ ತಲುಪಿರುವುದನ್ನು ಆಕೆಯ ಹೆಸರು ಬಹಿರಂಗವಾಗದಂತೆ ಆರೋಗ್ಯ ಸಿಬ್ಬಂದಿಯ ಮೂಲಕ ಖಾತ್ರಿಪಡಿಸಿಕೊಳ್ಳುವುದು. ಸಂಕೋಚದಿಂದಾಗುವ ವಿಳಂಬವೇ ಈ ರೋಗಕ್ಕೆ ದೊಡ್ಡ ಆಸರೆ.