ಎಳೆಯ ಮಕ್ಕಳ ಉಬ್ಬಸ: ಆಸ್ಪತ್ರೆ ಮತ್ತು ಮನೆಯ ನಡುವೆ ತಾಯಿ-ತಂದೆಯರು

ಉಬ್ಬಸವು ವೃದ್ಧರ ರೋಗವೆಂಬ ಭಾವನೆ ನಮ್ಮ ಗ್ರಾಮಗಳಲ್ಲಿ ಇಂದಿಗೂ ಗಟ್ಟಿಯಾಗಿ ಉಳಿದಿದೆ. ಬೀಡಿ ಸೇದಿದ ಮುದುಕರು, ಹತ್ತಿಯ ಜಿನ್ನಿನಲ್ಲಿ ದುಡಿದವರು, ಒಲೆಯ ಮುಂದೆ ಆಯುಷ್ಯವನ್ನೇ ಕಳೆದ ಅಜ್ಜಿಯರು ದಮ್ಮಿನಿಂದ ಬಳಲುವುದನ್ನು ಕಂಡವರಿಗೆ, ಇನ್ನೂ ಮಾತು ಕಲಿಯುತ್ತಿರುವ ಕೂಸಿಗೂ ಅದೇ ವ್ಯಾಧಿ ಎಂದರೆ ನಂಬಿಕೆ ಬರುವುದಿಲ್ಲ. ವೈದ್ಯರು ಅಸ್ತಮಾ ಎಂಬ ಶಬ್ದವನ್ನು ಉಚ್ಚರಿಸಿದೊಡನೆ ಮನೆಯವರು ಮೊದಲು ಮಾಡುವ ಕೆಲಸವೆಂದರೆ ಆ ಶಬ್ದವನ್ನು ಹೇಳದ ಇನ್ನೊಬ್ಬ ವೈದ್ಯರನ್ನು ಹುಡುಕುವುದು. ಮಳೆಗಾಲ ಮುಗಿದು ಚಳಿ ಕಾಲಿಡುವ ಈ ದಿನಗಳಲ್ಲಿ ಇಂತಹ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರು ನಮ್ಮ ಚಿಕಿತ್ಸಾಲಯದಲ್ಲಿ ಹೆಚ್ಚಾಗಿ ಕಾಣುತ್ತಾರೆ. ಅವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಈ ಸಂಚಿಕೆಯಲ್ಲಿ ಅದನ್ನೇ ವಿಷಯವಾಗಿ ತೆಗೆದುಕೊಂಡಿದ್ದೇವೆ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಬಿಕ್ಕಳಿಕೆ ಮತ್ತು ಶ್ವಾಸರೋಗಗಳಿಗೆ ಮೀಸಲಾಗಿದೆ. ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ ಎಂದು ಶ್ವಾಸವನ್ನು 5 ಬಗೆಯಾಗಿ ಹೇಳಿ, ಅವುಗಳಲ್ಲಿ ತಮಕ ಶ್ವಾಸದ ಲಕ್ಷಣಗಳನ್ನು ಆಚಾರ್ಯರು ವರ್ಣಿಸಿರುವ ರೀತಿಯನ್ನು ಓದಿದರೆ ಇಂದಿನ ಮಕ್ಕಳ ವಾರ್ಡಿನಲ್ಲಿ ನಿಂತು ಬರೆದಂತೆ ತೋರುತ್ತದೆ. ಕಫವು ವಾತದ ದಾರಿಯನ್ನು ಕಟ್ಟುತ್ತದೆ. ಕುಪಿತವಾದ ವಾತವು ತಿರುಗಿ ಬಿದ್ದು ಗಂಟಲಲ್ಲಿ ಗುರುಗುರು ಶಬ್ದವನ್ನೂ ತೀವ್ರ ಉಸಿರಾಟವನ್ನೂ ಉಂಟುಮಾಡುತ್ತದೆ. ಮಲಗಿದರೆ ಬಾಧೆ ಹೆಚ್ಚು, ಕುಳಿತರೆ ತುಸು ನೆಮ್ಮದಿ. ಮೋಡ, ಮಳೆ, ಶೀತ, ಮೂಡಣ ಗಾಳಿ ಇವುಗಳಿಂದ ಉಲ್ಬಣ. ಬಿಸಿಯಾದುದರ ಬಯಕೆ. ಹೊಸತಾಗಿದ್ದಾಗ ಇದು ಸಾಧ್ಯ, ಹಳೆಯದಾದರೆ ಯಾಪ್ಯ, ಎಂದರೆ ಚಿಕಿತ್ಸೆಯಿಂದ ಹಿಡಿತದಲ್ಲಿಡಬೇಕಾದ ರೋಗ ಎಂಬುದೂ ಅಲ್ಲಿಯೇ ಇದೆ. ಆಧುನಿಕ ವೈದ್ಯವು ಇದನ್ನೇ ತನ್ನ ಭಾಷೆಯಲ್ಲಿ, ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪೊರೆ ಬಾತುಕೊಳ್ಳುತ್ತದೆ, ಲೋಳೆ ತುಂಬಿಕೊಳ್ಳುತ್ತದೆ ಎಂದು ಹೇಳುತ್ತದೆ.

ಎಳೆಯ ಮಗುವಿನಲ್ಲಿ ಇದು ಏಕೆ ಇಷ್ಟು ಬೇಗ ಉಲ್ಬಣಿಸುತ್ತದೆ? ಕಾರಣ ಸರಳವಾಗಿದೆ. ಮಗುವಿನ ಶ್ವಾಸನಾಳವು ಮೊದಲೇ ಕಿರಿದು. ಕೊಳವೆಯ ಅಗಲವು ಅರ್ಧಕ್ಕೆ ಇಳಿದರೆ ಅದರೊಳಗೆ ಗಾಳಿ ಸಾಗುವುದಕ್ಕಿರುವ ಅಡ್ಡಿಯು ಎರಡು ಪಟ್ಟಲ್ಲ, 16 ಪಟ್ಟಿನವರೆಗೂ ಹೆಚ್ಚುತ್ತದೆ. ದೊಡ್ಡವರಲ್ಲಿ ಬರಿಯ ನೆಗಡಿಯಾಗಿ ಕಳೆದುಹೋಗುವ ಬಾವು ಎರಡು ವರ್ಷದ ಮಗುವನ್ನು ಮಧ್ಯರಾತ್ರಿ ಆಸ್ಪತ್ರೆಗೆ ಒಯ್ಯುವಂತೆ ಮಾಡುವುದು ಈ ಕಾರಣದಿಂದ.

ಇಲ್ಲಿ ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. 5 ವರ್ಷದೊಳಗಿನ ಮಗುವಿಗೆ ಅಸ್ತಮಾ ಇದೆಯೆಂದು ಖಚಿತವಾಗಿ ನುಡಿಯುವುದು ಕಠಿಣ. ದೊಡ್ಡವರಂತೆ ಯಂತ್ರದೊಳಗೆ ಊದಿ ತೋರಿಸು ಎಂದು ಕೂಸಿಗೆ ಹೇಳಲಾಗದು. ವೈರಾಣುಗಳಿಂದಾಗುವ ನೆಗಡಿಯ ಜೊತೆಗೆ ಸುಯ್ಯೆನ್ನುವ ಅನೇಕ ಮಕ್ಕಳು ಶಾಲೆಗೆ ಸೇರುವ ವಯಸ್ಸಿಗೆ ತಾವಾಗಿಯೇ ಗುಣಮುಖರಾಗುತ್ತಾರೆ. ನೆಗಡಿಯಿಲ್ಲದಾಗಲೂ ರಾತ್ರಿ ಕೆಮ್ಮುವುದು, ನಕ್ಕಾಗ, ಅತ್ತಾಗ, ಓಡಿದಾಗ ಉಸಿರು ಕಟ್ಟುವುದು, ಮೈಮೇಲೆ ಕಜ್ಜಿಯಂತಹ ಚರ್ಮದೋಷವಿರುವುದು, ತಾಯಿ-ತಂದೆಯರಲ್ಲಿ ಒಬ್ಬರಿಗೆ ಅಸ್ತಮಾ ಇರುವುದು, ಇವು ಕೂಡಿಬಂದರೆ ಸಂದೇಹ ಬಲವಾಗುತ್ತದೆ. ಆದಕಾರಣ ಮಕ್ಕಳ ತಜ್ಞರು ಕೆಲಕಾಲ ಚಿಕಿತ್ಸೆ ಕೊಟ್ಟು ನೋಡೋಣ ಎಂದರೆ ಅದು ಅವರ ಅಜ್ಞಾನವೂ ಅಲ್ಲ, ಹಣದ ಆಸೆಯೂ ಅಲ್ಲ. ರೋಗನಿರ್ಣಯದ ಕ್ರಮವೇ ಅದು.

ಯಾವಾಗ ಮನೆ ಬಿಟ್ಟು ಹೊರಡಬೇಕು?

ಮಗುವಿನ ಅಂಗಿಯನ್ನು ಬಿಚ್ಚಿ ಬೆಳಕಿನಲ್ಲಿ ಎದೆಯನ್ನು ನೋಡಬೇಕು. ಇದನ್ನು ಪ್ರತಿಯೊಬ್ಬ ತಾಯಿಯೂ, ಅಷ್ಟೇ ಮುಖ್ಯವಾಗಿ ಪ್ರತಿಯೊಬ್ಬ ತಂದೆಯೂ, ಮಗು ಆರೋಗ್ಯವಾಗಿ ನಿದ್ರಿಸುತ್ತಿರುವಾಗಲೇ ಅಭ್ಯಾಸ ಮಾಡಿಕೊಂಡಿರಬೇಕೆಂದು ನಾವು ಹೇಳುತ್ತೇವೆ. ಗಡಿಯಾರ ಹಿಡಿದು ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿರಿ. 1ರಿಂದ 5 ವರ್ಷದ ಮಗು ಅಳದೆ ಸುಮ್ಮನಿದ್ದಾಗ ನಿಮಿಷಕ್ಕೆ 40 ಅಥವಾ ಅದಕ್ಕೂ ಹೆಚ್ಚು ಸಲ ಉಸಿರಾಡಿದರೆ ಅದು ವೇಗದ ಉಸಿರು. ಉಸಿರೆಳೆದಾಗ ಪಕ್ಕೆಲುಬುಗಳ ಕೆಳಭಾಗ ಅಥವಾ ಕೊರಳಿನ ಕುಳಿ ಒಳಕ್ಕೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆಗಳು ಅರಳುತ್ತಿದ್ದರೆ, ಮಗು ಹಾಲು ನೀರು ಕುಡಿಯಲಾರದಾದರೆ, ಬೆಳಗಾಗುವವರೆಗೆ ಕಾಯಬಾರದು. ತುಟಿ ನೀಲಿಗಟ್ಟಿದರೆ ಅಥವಾ ಮಗು ಮಂಕಾದರೆ ತಕ್ಷಣವೇ 108ಕ್ಕೆ ಕರೆ ಮಾಡಬೇಕು. ಒಂದು ಮೋಸದ ಲಕ್ಷಣವನ್ನು ವಿಶೇಷವಾಗಿ ನೆನಪಿನಲ್ಲಿಡಿ: ಅಷ್ಟು ಹೊತ್ತು ಸುಯ್ಯೆನ್ನುತ್ತಿದ್ದ ಎದೆ ಮೌನವಾಗಿ, ಮಗು ತೂಕಡಿಸತೊಡಗಿದರೆ ಅದು ಶಮನವಾಗಿರಲಾರದು, ಗಾಳಿಯೇ ಒಳಗೆ ಹೋಗದ ಸ್ಥಿತಿಯಾಗಿರಬಹುದು. ಪಾಪ, ಈಗ ನಿದ್ದೆ ಹತ್ತಿತು ಎಂದು ಹೊದಿಕೆ ಹೊದಿಸಿದ ಮನೆಗಳುಂಟು.

ಇಂತಹ ಸಮಯದಲ್ಲಿ ಮಗುವನ್ನು ಅಡ್ಡ ಮಲಗಿಸದೆ ಎದೆಗೊರಗಿಸಿ ಕೂಡಿಸಿಕೊಳ್ಳಿರಿ. ವೈದ್ಯರು ಮೊದಲೇ ಬರೆದುಕೊಟ್ಟ ತುರ್ತಿನ ಇನ್‌ಹೇಲರ್ ಇದ್ದರೆ ಅವರು ಹೇಳಿದ ಪ್ರಮಾಣದಲ್ಲಿ ಕೊಡುತ್ತಲೇ ಹೊರಡಿರಿ. ಮೂಗಿಗೆ ಕರ್ಪೂರ ಹಿಡಿಯುವುದು, ಎದೆಗೆ ಕರ್ಪೂರದ ಎಣ್ಣೆ ತಿಕ್ಕುವುದು, ಮೂಗಿನಲ್ಲಿ ಎಣ್ಣೆ ಬಿಡುವುದು ಇವು ಎಳೆಯ ಮಕ್ಕಳಿಗೆ ಅಪಾಯಕರ. ಕರ್ಪೂರವು ಕೂಸಿನ ಮೈಯೊಳಗೆ ಸೇರಿದರೆ ಫಿಟ್ಸ್ ತರಬಲ್ಲದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಯೇ ಉರಿಯೂತ ಹುಟ್ಟಿಸುತ್ತದೆ. ಹೊಟ್ಟೆಗೆ ಬರೆ ಹಾಕುವ ಪದ್ಧತಿಯಂತೂ ಕ್ರೌರ್ಯವಲ್ಲದೆ ಬೇರೇನೂ ಅಲ್ಲ. ನಮ್ಮ ವೃತ್ತಿಜೀವನದ ಆರಂಭದಲ್ಲಿ ಹಾಗೆ ಸುಟ್ಟ ಗುರುತುಗಳಿದ್ದ ಮಕ್ಕಳನ್ನು ಬಹಳ ನೋಡಿದ್ದೇವೆ. ಈಗ ಕಡಿಮೆಯಾಗಿದೆ, ನಿಂತಿಲ್ಲ.

ಆಸ್ಪತ್ರೆಯ ದಿನಗಳು

ದಾಖಲಾದ ಮೇಲೆ ನಡೆಯುವುದೇನೆಂದು ತಿಳಿದಿದ್ದರೆ ಅರ್ಧ ಭಯ ಇಳಿಯುತ್ತದೆ. ಬೆರಳಿಗೆ ಸಿಕ್ಕಿಸುವ ಸಣ್ಣ ಉಪಕರಣವು ರಕ್ತದಲ್ಲಿನ ಆಮ್ಲಜನಕವನ್ನು ಅಳೆಯುತ್ತದೆ. ಅದು ಕಡಿಮೆಯಿದ್ದರೆ ಆಮ್ಲಜನಕ ಕೊಡುತ್ತಾರೆ. ಆಮ್ಲಜನಕ ಹಚ್ಚಿದರೆಂದರೆ ಮುಗಿಯಿತು ಎಂದು ವಾರ್ಡಿನ ಹೊರಗೆ ಅಳುವ ಬಂಧುಗಳನ್ನು ಕಂಡಿದ್ದೇವೆ. ಅದು ಅಂತ್ಯದ ಸೂಚನೆಯಲ್ಲ, ಆಧಾರ. ಸಾಲ್ಬುಟಮಾಲ್ ಎಂಬ ಔಷಧವನ್ನು ನೆಬ್ಯುಲೈಸರಿನ ಮೂಲಕ ಮಂಜಿನಂತೆ ಮಾಡಿ ಉಸಿರಿನೊಡನೆ ಕೊಡುತ್ತಾರೆ. ಇದರಿಂದ ನಾಳಗಳು ಸಡಿಲಗೊಳ್ಳುತ್ತವೆ. ಆಗ ಮಗುವಿನ ಎದೆಬಡಿತ ಹೆಚ್ಚುವುದು, ಕೈ ನಡುಗುವುದು ಸಹಜ. ಬಾವು ಇಳಿಸಲು ಕೆಲವು ದಿನಗಳ ಮಟ್ಟಿಗೆ ಸ್ಟಿರಾಯ್ಡ್ ಔಷಧವನ್ನೂ ಕೊಡಬಹುದು. ಪ್ರತಿಜೈವಿಕ ಔಷಧಗಳು ಎಲ್ಲ ಮಕ್ಕಳಿಗೂ ಬೇಕಾಗುವುದಿಲ್ಲ. ಏಕೆ ಸೂಜಿ ಹಾಕಲಿಲ್ಲ ಎಂದು ಜಗಳವಾಡುವುದು ಬೇಡ.

ಮುಖವಾಡ ಹಿಡಿದಾಗ ಮಗು ಚೀರುತ್ತದೆ. ಹಾಗೆ ಚೀರುವಾಗ ಔಷಧವು ಒಳಗೆ ಹೋಗುವುದು ಕಡಿಮೆ. ತೊಡೆಯ ಮೇಲೆ ಕೂಡಿಸಿಕೊಂಡು, ಮೊದಲು ತಾಯಿ ತನ್ನ ಮುಖಕ್ಕೆ ಹಿಡಿದು ತೋರಿಸಿ, ನಂತರ ಗೊಂಬೆಗೆ ಹಿಡಿದು, ಆಮೇಲೆ ಮಗುವಿಗೆ ಹಿಡಿದರೆ ಬಹಳ ಮಕ್ಕಳು ಒಪ್ಪುತ್ತವೆ. ಮುಖವಾಡವನ್ನು ಒಂದು ಗೇಣು ದೂರ ಹಿಡಿದು ಹೊಗೆ ತೋರಿಸಿದರೆ ಪ್ರಯೋಜನವಿಲ್ಲ. ಅದು ಮುಖಕ್ಕೆ ಒತ್ತಿಕೊಂಡಿರಬೇಕು.

ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಅತ್ಯಂತ ಮುಖ್ಯವಾದ ದಿನವೆಂಬುದು ನಮ್ಮ ಅಭಿಪ್ರಾಯ. ಆ ದಿನ ಎಲ್ಲರಿಗೂ ಮನೆಗೆ ಹೋಗುವ ಅವಸರ. ಬಿಲ್ಲು, ಗಾಡಿ, ಬುತ್ತಿಯ ಡಬ್ಬಿ ಇವುಗಳ ಗದ್ದಲದಲ್ಲಿ ದಾದಿಯು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಒಬ್ಬ ತಾಯಿಯ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಅವರ ಎರಡು ವರ್ಷ ದಾಟಿದ ಮಗನು ಒಂದೇ ಚಳಿಗಾಲದಲ್ಲಿ ಮೂರು ಸಲ ದಾಖಲಾಗಿದ್ದನು. ಮೂರನೆಯ ಸಲದ ನಂತರ ಅವರು ನಮ್ಮಲ್ಲಿಗೆ ಬಂದುದು ಇನ್‌ಹೇಲರನ್ನು ಬಿಡಿಸಿ ಆಯುರ್ವೇದದ ಪುಡಿ ಕೊಡಿರೆಂದು ಕೇಳುವುದಕ್ಕೆ. ವಿಚಾರಿಸಿದಾಗ ತಿಳಿದುಬಂದುದೇನೆಂದರೆ, ನಿತ್ಯ ಕೊಡಬೇಕಾದ ಔಷಧವನ್ನು ಮೊದಲ ಸಲ ಮನೆಗೆ ಬಂದ ಎಂಟನೆಯ ದಿನವೇ ನಿಲ್ಲಿಸಲಾಗಿತ್ತು. ಚಟ ಹತ್ತುತ್ತದೆ, ಹುಡುಗ ಗಿಡ್ಡ ಉಳಿಯುತ್ತಾನೆ, ಇಷ್ಟು ಸಣ್ಣ ಕೂಸಿಗೆ ಇದನ್ನು ಹಚ್ಚಿದರೆ ನಾಳೆ ಏನು ಗತಿ ಎಂದು ಅತ್ತೆ, ನೆಗೆಣ್ಣಿ, ಪಕ್ಕದ ಮನೆಯವರು ಒಂದೊಂದು ಮಾತು ಆಡಿದ್ದರು. ಬಸುರಿಯಲ್ಲಿ ನೀನು ಮೊಸರು ಉಂಡದ್ದರಿಂದಲೇ ಹೀಗಾಯಿತು ಎಂಬ ಮಾತೂ ಅದರಲ್ಲಿ ಸೇರಿತ್ತು. ಆ ತಾಯಿಯು ಮೂರು ತಿಂಗಳಿನಿಂದ ರಾತ್ರಿ ಮಲಗದೆ, ಮಗುವಿನ ಬೆನ್ನ ಮೇಲೆ ಕೈಯಿಟ್ಟು ಉಸಿರನ್ನು ನೋಡುತ್ತ ಕುಳಿತಿರುತ್ತಿದ್ದರು. ನಾವು ಮೊದಲು ಅವರ ಅತ್ತೆಯವರನ್ನೂ ಗಂಡನನ್ನೂ ಕರೆಸಿದೆವು. ಸ್ಪೇಸರನ್ನು ಎಲ್ಲರ ಕೈಗೂ ಕೊಟ್ಟು ಹಿಡಿಯುವುದನ್ನು ಕಲಿಸಿದೆವು. ಆಸ್ಪತ್ರೆಯ ತಜ್ಞರು ಬರೆದ ಔಷಧವನ್ನು ಒಂದು ದಿನವೂ ತಪ್ಪಿಸದೆ ಕೊಡುವುದಾದರೆ ಮಾತ್ರ ನಾವು ಪಥ್ಯ ಹೇಳುತ್ತೇವೆಂದು ತಿಳಿಸಿದೆವು. ಮುಂದಿನ ಚಳಿಗಾಲದಲ್ಲಿ ಆ ಮಗುವಿಗೆ ಎರಡು ಸಲ ಉಬ್ಬಸ ಬಂತು. ಎರಡು ಸಲವೂ ಮನೆಯಲ್ಲಿಯೇ ಇಳಿಯಿತು. ಈಗ ನಿತ್ಯದ ಔಷಧ ಕೊಡುವವರು ಅತ್ತೆಯವರೇ.

ಇನ್‌ಹೇಲರಿನ ಬಗ್ಗೆ ಇರುವ ಭಯವನ್ನು ಲೆಕ್ಕದಿಂದಲೇ ಬಿಡಿಸಬಹುದು. ಬಾಯಿಯಿಂದ ಕೊಡುವ ಸ್ಟಿರಾಯ್ಡಿನ ಪ್ರಮಾಣ ಮಿಲಿಗ್ರಾಮಿನಲ್ಲಿ. ಉಸಿರಿನಿಂದ ಕೊಡುವುದು ಮೈಕ್ರೋಗ್ರಾಮಿನಲ್ಲಿ. 1,000 ಮೈಕ್ರೋಗ್ರಾಮ್ ಸೇರಿದರೆ 1 ಮಿಲಿಗ್ರಾಮ್. ಔಷಧವು ಬೇಕಾದ ಜಾಗಕ್ಕೇ ನೇರವಾಗಿ ಹೋಗುವುದರಿಂದ ಅಷ್ಟು ಅಲ್ಪ ಸಾಕಾಗುತ್ತದೆ. ವರ್ಷಗಟ್ಟಲೆ ಕೊಟ್ಟಾಗ ಎತ್ತರದಲ್ಲಿ ಸುಮಾರು 1 ಸೆಂಟಿಮೀಟರಿನಷ್ಟು ವ್ಯತ್ಯಾಸವಾಗಬಹುದೆಂಬುದು ನಿಜ. ಆದರೆ ಹಿಡಿತವಿಲ್ಲದ ಅಸ್ತಮಾ ತಾನೇ ಮಗುವಿನ ಬೆಳವಣಿಗೆಯನ್ನು ಕುಂದಿಸುತ್ತದೆ. ಚಟವಂತೂ ಇಲ್ಲ. ಈ ಉಪಕರಣ ಹುಟ್ಟಿದ್ದೇ ಒಬ್ಬ ತಂದೆಯ ಮನೆಯಲ್ಲಿ ಎಂಬುದು ಬಹಳ ಜನರಿಗೆ ತಿಳಿಯದು. 1955ರಲ್ಲಿ ಅಮೆರಿಕದ ರೈಕರ್ ಪ್ರಯೋಗಾಲಯದ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು, ಕೂದಲಿಗೆ ಸಿಂಪಡಿಸುವ ಡಬ್ಬಿಯಂತೆ ನನ್ನ ಉಬ್ಬಸದ ಔಷಧವನ್ನೂ ಏಕೆ ಮಾಡಬಾರದೆಂದು ಕೇಳಿದಳಂತೆ. 1956ರಲ್ಲಿ ಅಳತೆಯ ಇನ್‌ಹೇಲರ್ ಬಳಕೆಗೆ ಬಂದಿತು.

ಎಳೆಯ ಮಕ್ಕಳಿಗೆ ಅದನ್ನು ಸ್ಪೇಸರ್ ಮತ್ತು ಮುಖವಾಡವಿಲ್ಲದೆ ಕೊಡಬಾರದು. ಚೆನ್ನಾಗಿ ಅಲುಗಾಡಿಸಿ, ಒಂದು ಸಲ ಒತ್ತಿ, ಮಗು ಐದಾರು ಉಸಿರು ಎಳೆಯುವವರೆಗೆ ಹಿಡಿದು, ಎರಡನೆಯದು ಬೇಕಿದ್ದರೆ ಮತ್ತೆ ಒತ್ತಬೇಕು. ನಿತ್ಯದ ಸ್ಟಿರಾಯ್ಡ್ ಔಷಧ ಕೊಟ್ಟ ನಂತರ ಮುಖವನ್ನು ಒರೆಸಿ, ಬಾಯಿಗೆ ನೀರು ಕುಡಿಸಿರಿ. ಸ್ಪೇಸರನ್ನು ಸಾಬೂನು ನೀರಿನಲ್ಲಿ ತೊಳೆದು ತಾನಾಗಿಯೇ ಆರಲು ಬಿಡಬೇಕು. ಬಟ್ಟೆಯಿಂದ ಒರೆಸಿದರೆ ಔಷಧದ ಕಣಗಳು ಅದರ ಗೋಡೆಗೇ ಅಂಟಿಕೊಳ್ಳುತ್ತವೆ.

ಆಯುರ್ವೇದ ವೈದ್ಯರಾದ ನಾವು ಹೀಗೆ ಬರೆಯುವುದು ಕೆಲವರಿಗೆ ಆಶ್ಚರ್ಯವೆನಿಸಬಹುದು. ನಮ್ಮ ಶಾಸ್ತ್ರದ ಮೇಲಿನ ಗೌರವದಿಂದಲೇ ಬರೆಯುತ್ತಿದ್ದೇವೆ. ಶ್ವಾಸಕುಠಾರ ರಸದಲ್ಲಿ ಪಾದರಸ, ಮನಃಶಿಲೆ, ವತ್ಸನಾಭಿಗಳಿವೆ. ಕನಕಾಸವದಲ್ಲಿ ಉಮ್ಮತ್ತಿ ಇದೆ. ಇವನ್ನು ಅಂಗಡಿಯಿಂದ ತಂದು ಚಮಚದಲ್ಲಿ ಅಳೆದು ಕೂಸಿಗೆ ಕುಡಿಸುವುದು ಆಯುರ್ವೇದವಲ್ಲ. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ಉಬ್ಬಸವನ್ನು ಮಾಯ ಮಾಡಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಬೆರೆಸಿರಬಹುದೆಂದು ಶಂಕಿಸಬೇಕು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಕೊಡುವ ಮೀನಿನ ಔಷಧಕ್ಕೆ, ಶಾಕಾಹಾರಿಗಳಾದರೆ ಬೆಲ್ಲದಲ್ಲಿ ಕೊಡುವ ಅದೇ ಔಷಧಕ್ಕೆ, ನಮ್ಮ ಭಾಗದಿಂದಲೂ ಜನ ಹೋಗುತ್ತಾರೆ. ದೊಡ್ಡವರು ತಮ್ಮ ನಂಬಿಕೆಯಿಂದ ಹೋಗಲಿ. ಎರಡು ವರ್ಷದ ಮಗುವನ್ನು ಆ ಜನಸಂದಣಿಯಲ್ಲಿ ನಿಲ್ಲಿಸಿ, ಬಂದ ಮೇಲೆ ಇದ್ದ ಔಷಧವನ್ನೂ ಬಿಡಿಸುವುದು ಸರಿಯಲ್ಲ. ರೋಗದ ವೇಗವು ಇಳಿದಿರುವ ಕಾಲದಲ್ಲಿ ಅಗ್ನಿಯನ್ನು ಸರಿಪಡಿಸುವುದು, ಮಲಬದ್ಧತೆಯಾಗದಂತೆ ನೋಡುವುದು, ದೇಹಬಲವನ್ನು ಕಾಯುವುದು, ಇಷ್ಟರಲ್ಲಿ ನಮ್ಮ ಶಾಸ್ತ್ರದ ನೆರವನ್ನು ಪದವೀಧರ ವೈದ್ಯರಿಂದ, ಮಕ್ಕಳ ತಜ್ಞರಿಗೆ ತಿಳಿಸಿಯೇ, ಪಡೆಯಬೇಕು. ಜೇನುತುಪ್ಪವನ್ನು 1 ವರ್ಷದೊಳಗಿನ ಮಗುವಿಗೆ ಕೊಡಲೇಬಾರದು.

ಆಹಾರದ ವಿಷಯದಲ್ಲಿ ಪಥ್ಯದ ಹೆಸರಿನಲ್ಲಿ ಉಪವಾಸ ಬೇಡ. ಬಾಳೆಹಣ್ಣು, ಹಾಲು, ಮೊಸರು, ತುಪ್ಪ ಎಲ್ಲವನ್ನೂ ಬಿಡಿಸಿ ಮಗುವನ್ನು ಬಡಕಲು ಮಾಡಿದವರೇ ಹೆಚ್ಚು. ರಾತ್ರಿ ಬೇಗ, ಬಿಸಿಯಾಗಿ, ಲಘುವಾಗಿ ಉಣಿಸಿರಿ. ತಂಗಳನ್ನೂ ಫ್ರಿಜ್ಜಿನಿಂದ ತೆಗೆದುದನ್ನೂ ಹಾಗೆಯೇ ಕೊಡಬೇಡಿರಿ. ಯಾವುದಾದರೂ ಪದಾರ್ಥ ತಿಂದಾಗಲೆಲ್ಲ ಉಬ್ಬಸ ಬರುವುದನ್ನು ಕಣ್ಣಾರೆ ಕಂಡಿದ್ದರೆ ಅದೊಂದನ್ನು ಬಿಟ್ಟು ವೈದ್ಯರಿಗೆ ತಿಳಿಸಿರಿ. ಅದಕ್ಕಿಂತ ಹೆಚ್ಚು ಗಮನ ಬೇಕಾದುದು ಹೊಗೆಗೆ. ಎರೆದ ಮೇಲೆ ಕೂಸಿಗೆ ಲೋಬಾನದ ಹೊಗೆ ಹಾಕುವುದು, ಸೊಳ್ಳೆಬತ್ತಿ, ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ಕಟ್ಟಿಗೆಯ ಒಲೆ, ಮನೆಯ ಹಿರಿಯರ ಬೀಡಿ, ಇವೆಲ್ಲವೂ ಒಂದೇ. ಪೂಜೆಗೆ ದೀಪವಿರಲಿ, ಹೂವಿರಲಿ, ಧೂಪವನ್ನು ಅಂಗಳದಲ್ಲಿಡಬಹುದು. ಖಾರ ಕುಟ್ಟುವಾಗ, ಜೋಳ ತೂರುವಾಗ, ಮನೆಗೆ ಸುಣ್ಣ ಬಳಿಯುವಾಗ ಮಗುವನ್ನು ಬೇರೆಡೆಗೆ ಕಳುಹಿಸಿರಿ. ಮಗುವಿನ ದಿಂಬು, ಕೌದಿಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿರಿ.

ತಾಯಂದಿರ ನಿದ್ರೆಯ ಬಗ್ಗೆ ಯಾರೂ ಬರೆಯುವುದಿಲ್ಲ. ನಾಲ್ಕು ರಾತ್ರಿ ಎಚ್ಚರವಿದ್ದವರು ಐದನೆಯ ರಾತ್ರಿ ಔಷಧದ ಅಳತೆಯನ್ನು ತಪ್ಪುತ್ತಾರೆ. ಪಾಳಿ ಹಾಕಿಕೊಳ್ಳಿರಿ, ಮಧ್ಯರಾತ್ರಿಯವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು. ಆಸ್ಪತ್ರೆಯಲ್ಲಿ ತಂಗುವಾಗ ತಂದೆಯು ಕೇವಲ ಔಷಧದ ಅಂಗಡಿಗೆ ಓಡುವ ಆಳಾಗಿರದೆ ಒಂದು ರಾತ್ರಿ ಮಂಚದ ಪಕ್ಕದಲ್ಲಿ ತಾನೇ ಕುಳಿತಿರಲಿ. ಮನೆಯಲ್ಲಿ ಬಿಟ್ಟುಬಂದ ಹಿರಿಯ ಮಗುವಿಗೆ ದಿನಕ್ಕೊಮ್ಮೆ ಫೋನಿನಲ್ಲಿ ತಮ್ಮನ ಮುಖ ತೋರಿಸಿರಿ.

ಒಂದು ಇನ್ನೂರು ಪುಟದ ನೋಟುಪುಸ್ತಕ ಸಾಕು. ಉಬ್ಬಸ ಬಂದ ದಿನಾಂಕ, ಹಿಂದಿನ ದಿನ ಏನಾಗಿತ್ತು, ರಾತ್ರಿ ಎಷ್ಟು ಸಲ ಎದ್ದಿತು, ತುರ್ತಿನ ಔಷಧ ಎಷ್ಟು ಸಲ ಬೇಕಾಯಿತು, ಮಗುವಿನ ತೂಕ, ಇಷ್ಟನ್ನು ಬರೆದಿಡಿರಿ. ಇನ್‌ಹೇಲರಿನ ಹೆಸರನ್ನೂ ಬರೆದಿಡಿರಿ, ನೀಲಿಯದು ಕಂದುಬಣ್ಣದ್ದು ಎಂದು ಗುರುತಿಟ್ಟರೆ ಕಂಪನಿ ಬದಲಾದಾಗ ಗೊಂದಲವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಫ್ಲೂ ಲಸಿಕೆಯ ಬಗ್ಗೆ ಮಕ್ಕಳ ತಜ್ಞರನ್ನು ಕೇಳಿರಿ. ತಪಾಸಣೆಗೆ ಹೋಗುವಾಗ ಆ ಪುಸ್ತಕವನ್ನೂ, ಇನ್‌ಹೇಲರನ್ನೂ, ಸ್ಪೇಸರನ್ನೂ ಒಯ್ದು, ವೈದ್ಯರ ಮುಂದೆಯೇ ಒಮ್ಮೆ ಕೊಟ್ಟು ತೋರಿಸಿರಿ.