ವಾಹನದ ಎಂಜಿನ್ ಶುಚಿ ಮಾಡುವ ಕ್ರಮ

ಅಡಿಕೆ ಕೊಯ್ಲು ಮುಗಿದು, ಕಾಫಿ ಮೂಟೆಗಳು ಕ್ಯೂರಿಂಗ್ ವರ್ಕ್ಸ್ ಸೇರಿದ ಮೇಲೆ ನಾವೆಲ್ಲ ಮತ್ತೆ ತೋಟದ ಕಡೆ ಗಮನ ಹರಿಸುತ್ತೇವೆ. ಹಂಗಾಮಿನುದ್ದಕ್ಕೂ ನಮ್ಮ ಹೊರೆ ಹೊತ್ತ ಲಾರಿ ಅಥವಾ ಪಿಕಪ್‌ನ ಬಾನೆಟ್ ಎತ್ತಿ ನೋಡುವವರು ಕಡಿಮೆ. ನೋಡಿದರೆ ಜಿಡ್ಡಿಗೆ ಅಂಟಿದ ಧೂಳು, ಒಣ ಎಲೆ, ಅಡಿಕೆ ಸಿಪ್ಪೆಯ ನಾರು, ಕೆಲವೊಮ್ಮೆ ಇಲಿಯ ಗೂಡೂ ಕಾಣುತ್ತದೆ. ಬಿಸಿಯಾದ ಹೊಗೆ ಕೊಳವೆಗೆ ತಗುಲಿ ಇವು ಹೊತ್ತಿಕೊಂಡರೆ ವಾಹನಕ್ಕಷ್ಟೇ ಅಲ್ಲ, ಶೆಡ್ಡಿನಲ್ಲಿರುವ ಮಾಲಿಗೂ ಅಪಾಯ. ಎಣ್ಣೆ ಸೋರುವ ಜಾಗವೂ ಈ ಕೊಳೆಯಡಿ ಮುಚ್ಚಿಹೋಗುತ್ತದೆ. ಆದ್ದರಿಂದ ಮಳೆ ಹಿಡಿಯುವ ಮುನ್ನ ಒಮ್ಮೆ ಶುಚಿ ಮಾಡುವುದು ಲೇಸು.

ಆದರೆ ಪೆಟ್ರೋಲ್ ಮಾತ್ರ ಬಳಸಕೂಡದು. ನಾವೇ ಒಮ್ಮೆ ಈ ತಪ್ಪು ಮಾಡಿದ್ದೆವು. ಪೆಟ್ರೋಲಿನಲ್ಲಿ ಬ್ರಷ್ ಅದ್ದಿ ಉಜ್ಜುತ್ತಿದ್ದಾಗ ಸ್ಪಾನರ್ ಬ್ಯಾಟರಿಗೆ ತಗುಲಿ ಕಿಡಿ ಹಾರಿತು. ಮರಳು ಎರಚಿ ಬೆಂಕಿ ಆರಿಸಿದೆವು. ಆದರೆ ಕೆಲಸದ ಹುಡುಗನ ಮುಂಗೈ ಸುಟ್ಟುಹೋಗಿತ್ತು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲಮಟ್ಟದಲ್ಲೇ ಹರಿದು ಬಚ್ಚಲ ಒಲೆಯವರೆಗೂ ಹೋಗಬಲ್ಲದು. ಡೀಸೆಲ್, ಸೀಮೆಎಣ್ಣೆಗಳೂ ಬೇಡ; ಅವು ಫ್ಯಾನ್ ಬೆಲ್ಟ್ ಮತ್ತು ರಬ್ಬರ್ ಹೋಸುಗಳನ್ನು ಕೆಡಿಸುತ್ತವೆ.

ಅನುಸರಿಸಬೇಕಾದ ಕ್ರಮ ಹೀಗಿದೆ:

1. ವಾಹನವನ್ನು ಬಯಲಿನಲ್ಲಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಕೀಲಿ ತೆಗೆದಿಡಿ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಸಂಜೆ ನಿಲ್ಲಿಸಿ ಬೆಳಗ್ಗೆ ಕೆಲಸ ಹಿಡಿಯುವುದು ಉತ್ತಮ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

2. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು ಬಿಚ್ಚಿ, ಜೋಡಿಸುವಾಗ ಅದನ್ನೇ ಕೊನೆಗೆ ಜೋಡಿಸಿ. ತುದಿಗಳಲ್ಲಿ ಬಿಳಿಯ ಅಥವಾ ಹಸಿರು ಪುಡಿ ಇದ್ದರೆ, ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ಒರೆಸಿ. ಈ ನೀರು ಬ್ಯಾಟರಿಯ ಒಳಗೆ ಇಳಿಯಬಾರದು.

3. ಒಣ ಕಸವನ್ನು ಮೊದಲು ತೆಗೆಯಿರಿ. ಇಲಿಯ ಗೂಡು, ಹಿಕ್ಕೆಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಇಲಿ ಮೂತ್ರದಿಂದ ಇಲಿ ಜ್ವರ ಹರಡುತ್ತದೆ. ಕೈಗವಸು ಹಾಕಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಗೂಡನ್ನು ಬ್ಲೀಚಿಂಗ್ ನೀರಿನಿಂದ ತೋಯಿಸಿದ ಮೇಲೆ ತೆಗೆಯಿರಿ. ತಂತಿಗಳನ್ನು ಕಡಿದಿದೆಯೇ ಎಂದೂ ನೋಡಿ.

4. ಏರ್ ಫಿಲ್ಟರಿನ ಬಾಯಿ, ಆಲ್ಟರ್ನೇಟರ್, ಫ್ಯೂಸ್ ಪೆಟ್ಟಿಗೆ, ಹೊಸ ವಾಹನಗಳಲ್ಲಾದರೆ ಕಂಪ್ಯೂಟರ್ ಪೆಟ್ಟಿಗೆ, ಇವಿಷ್ಟನ್ನು ಪ್ಲಾಸ್ಟಿಕ್ ಚೀಲದಿಂದ ಬಿಗಿಯಾಗಿ ಮುಚ್ಚಿ. ಗಾಳಿಯಂತೆ ನೀರು ಅದುಮಿಕೊಳ್ಳುವುದಿಲ್ಲ. ಸಿಲಿಂಡರಿಗೆ ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಬಿಚ್ಚಬೇಕಾದೀತು.

5. ಸಾಬೂನು ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಒದ್ದೆ ಬಟ್ಟೆಯಿಂದ ಒರೆಸಿ. ಔಷಧಿ ಹೊಡೆಯುವ ಪಂಪಿನಿಂದಾಗಲಿ, ಪ್ರೆಷರ್ ವಾಷರಿನಿಂದಾಗಲಿ ನೀರು ಬಿಡಬೇಡಿ.

6. ಬಿಸಿಲಿಗೆ ಚೆನ್ನಾಗಿ ಒಣಗಿದ ಮೇಲೆ ಮುಚ್ಚಿದ ಚೀಲಗಳನ್ನೂ ಬಟ್ಟೆ ಚೂರುಗಳನ್ನೂ ಎಣಿಸಿ ತೆಗೆಯಿರಿ. ಬಳಿಕ ಬ್ಯಾಟರಿ ಜೋಡಿಸಿ ಎಂಜಿನ್ ಚಾಲೂ ಮಾಡಿ. ಹೆಗಲ ಮೇಲಿನ ಟವೆಲು ಫ್ಯಾನಿನ ಹತ್ತಿರ ಸುಳಿಯದಿರಲಿ. ಎಲ್ಲಿಯಾದರೂ ಎಣ್ಣೆ ಜಿನುಗಿದರೆ ಈಗ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಗುರುತಿಟ್ಟು ಮೆಕ್ಯಾನಿಕ್‌ಗೆ ತೋರಿಸಿ.

ಕೊಳೆ ನೀರು ಬಾವಿಗೂ ಹಳ್ಳಕ್ಕೂ ಸೇರದಂತೆ ನೋಡಿಕೊಳ್ಳಬೇಕು. ಎಣ್ಣೆಬಟ್ಟೆಗಳನ್ನು ಕಣದ ಮೂಲೆಯಲ್ಲಿ ಎಸೆಯದೆ, ಮುಚ್ಚಳವಿರುವ ತಗಡಿನ ಡಬ್ಬದಲ್ಲಿಡಿ.

ಅರ್ಧ ದಿನದ ಕೆಲಸವಿದು. ಹುಡುಗರಿಗೆ ಒಪ್ಪಿಸಿ ಪೇಟೆಗೆ ಹೋಗದೆ, ಸದಸ್ಯರು ತಾವೇ ಜೊತೆಯಲ್ಲಿ ನಿಂತು ಮಾಡಿಸಬೇಕೆಂದು ಕೋರುತ್ತೇವೆ. ಅಂದು ನಾವು ನಿಂತು ನೋಡಿಕೊಂಡಿದ್ದರೆ ಆ ಹುಡುಗನ ಕೈ ಸುಡುತ್ತಿರಲಿಲ್ಲ.